ಊರಿಗೊಂದು ಪೆಟ್ರೋಲ್ ದರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಒಂದೇ ರಾಜ್ಯ, ಒಂದೇ ಕಂಪನಿ. ಆದರೂ ಮಂಗಳೂರಿಗಿಂತ ನಮ್ಮಲ್ಲಿ ಪೆಟ್ರೋಲ್ ತುಟ್ಟಿ. ಬಂಕಿನವರು ಮನಸ್ಸಿಗೆ ಬಂದಂತೆ ಏರಿಸುತ್ತಾರೆಯೇ?
— ಓದುಗರು, ಚಿತ್ರದುರ್ಗ

ಇಲ್ಲ. ಇಂಡಿಯನ್ ಆಯಿಲ್, ಎಚ್‌ಪಿ, ಭಾರತ್ ಬಂಕುಗಳ ಮಾಲೀಕರು ದರ ನಿಗದಿ ಮಾಡುವಂತಿಲ್ಲ. ಬೆಳಿಗ್ಗೆ 6ಕ್ಕೆ ಜಾರಿಯಾಗುವ ದರವನ್ನು ಕಂಪನಿಯೇ ಕಳಿಸುತ್ತದೆ. ಗಣಕೀಕೃತ ಬಂಕಾದರೆ ಅದು ನೇರವಾಗಿ ಯಂತ್ರಕ್ಕೇ ಬರುತ್ತದೆ. (ಖಾಸಗಿ ಕಂಪನಿಗಳ ದರ ಬೇರೆ ಇರಬಹುದು. ಹಾಕಿಸುವ ಮುನ್ನ ಫಲಕ ನೋಡಿ.)

ನಿಮ್ಮೂರಿನ ಹೆಚ್ಚುವರಿ ದರ ಸಾಗಣೆಯದು. ಮಂಗಳೂರಿನಲ್ಲೇ ಎಂಆರ್‌ಪಿಎಲ್ ಸಂಸ್ಕರಣಾಗಾರವಿದೆ. ಅಲ್ಲಿಂದ ಹಾಸನದ ಮೇಲೆ ಹೊಸಕೋಟೆ ಹತ್ತಿರದ ದೇವನಗೊಂದಿವರೆಗೆ ಕೊಳವೆಮಾರ್ಗವಿದೆ. ಡಿಪೊದಿಂದಾಚೆ ಟ್ಯಾಂಕರ್ ಲಾರಿ. ದೂರ ಹೆಚ್ಚಿದಷ್ಟೂ ಬಾಡಿಗೆ ಹೆಚ್ಚು. ಆ ಬಾಡಿಗೆಯ ಮೇಲೂ ಮಾರಾಟ ತೆರಿಗೆ ಬೀಳುತ್ತದೆ. 2024ರ ಜೂನ್ 15ರಂದು ಕರ್ನಾಟಕ ಪೆಟ್ರೋಲ್ ಮೇಲಿನ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು. ಈ ಲೆಕ್ಕದಲ್ಲಿ ಸಾಗಣೆ ಒಂದು ರೂಪಾಯಿ ಜಾಸ್ತಿಯಾದರೆ ನಿಮ್ಮ ಜೇಬಿನಿಂದ ಹೋಗುವುದು 1.30. 2024ರ ಅಕ್ಟೋಬರ್ ಕೊನೆಯಲ್ಲಿ ಕಂಪನಿಗಳು ರಾಜ್ಯದೊಳಗಿನ ಸಾಗಣೆ ದರಗಳನ್ನು ತುಸು ಸರಿದೂಗಿಸಿದವು, ಆದರೆ ಅಂತರ ಪೂರ್ತಿ ಅಳಿಯಲಿಲ್ಲ.

ಗಡಿಯಾಚೆಯ ವ್ಯತ್ಯಾಸಕ್ಕೆ ಮುಖ್ಯ ಕಾರಣ ತೆರಿಗೆಯೇ. ಪೆಟ್ರೋಲ್, ಡೀಸೆಲ್ ಜಿಎಸ್‌ಟಿಯ ಹೊರಗಿವೆ. ಕೇರಳ 2023ರ ಏಪ್ರಿಲ್‌ನಲ್ಲಿ ತನ್ನ ತೆರಿಗೆಯ ಮೇಲೆ ಲೀಟರಿಗೆ 2 ರೂಪಾಯಿ ಸಾಮಾಜಿಕ ಭದ್ರತಾ ಸೆಸ್ ಬೇರೆ ಹಾಕಿತು. ಕಾಸರಗೋಡಿನ ಗಾಡಿಗಳು ತಲಪಾಡಿ ದಾಟಿ ಬಂದು ಟ್ಯಾಂಕ್ ತುಂಬಿಸಿಕೊಳ್ಳುವುದು ಸುಮ್ಮನಲ್ಲ.

ಪ್ರಶ್ನೆ: ಹಾಗಾದರೆ ಬಂಕಿನಲ್ಲಿ ಮೋಸವೇ ಇಲ್ಲವೇ? 100ರ ಬದಲು 110 ರೂಪಾಯಿಗೆ ಹಾಕಿಸಿದರೆ ಅಳತೆ ಸರಿ ಬರುತ್ತದಂತೆ, ನಿಜವೇ?
— ಓದುಗರು, ಹುಬ್ಬಳ್ಳಿ

ಮೋಸ ನಡೆಯುವುದು ದರದಲ್ಲಲ್ಲ, ಅಳತೆಯಲ್ಲಿ. 110ರ ನಂಬಿಕೆಗೆ ಬುಡವಿಲ್ಲ: ನೀವು ಹೇಳಿದ ಮೊತ್ತ ಯಂತ್ರ ಎಲ್ಲಿ ನಿಲ್ಲಬೇಕೆಂದು ತಿಳಿಸುತ್ತದೆ, ಅಷ್ಟೇ. ಮೀಟರನ್ನೇ ತಿರುಚಿದ್ದರೆ 110ಕ್ಕೂ ಕಡಿಮೆಯೇ ಬೀಳುತ್ತದೆ.

ಹೆಚ್ಚಾಗಿ ಕಾಣುವ ಕೈಚಳಕ ಇದು. ನೀವು 500 ಎನ್ನುತ್ತೀರಿ. ಹುಡುಗ 200ಕ್ಕೆ ನಿಲ್ಲಿಸಿ ‘ಓ, ಐನೂರಾ ಸಾರ್?’ ಎನ್ನುತ್ತಾನೆ. ಸೊನ್ನೆಗೆ ತರದೆ 200ರಿಂದಲೇ ಮತ್ತೆ ಶುರು ಮಾಡಿ 300ಕ್ಕೆ ನಿಲ್ಲಿಸುತ್ತಾನೆ. ಇನ್ನೂರು, ಮುನ್ನೂರು ಸೇರಿ ಐನೂರಾಯಿತು ಎಂದು ನೀವು ಕೊಡುತ್ತೀರಿ. ಟ್ಯಾಂಕಿಗೆ ಬಿದ್ದದ್ದು 300ರದು. ನಡುವೆ ನಿಂತರೆ ಆ 200ಕ್ಕೆ ಬಿಲ್ ಕೇಳಿ, ಮತ್ತೆ ಸೊನ್ನೆ ನೋಡಿಯೇ ಮುಂದುವರಿಸಿ. ಕೇಳದೆಯೇ ಪವರ್, ಎಕ್ಸ್‌ಪಿ95ರಂಥ ದುಬಾರಿ ಪೆಟ್ರೋಲ್ ಹಾಕುವುದು ಇನ್ನೊಂದು. ಪಂಪಿನ ಮೇಲಿನ ಹೆಸರು ಓದಿದರೆ ಸಾಕು.

ಅಳತೆಯ ಬಗ್ಗೆ ಅನುಮಾನವಿದ್ದರೆ ಮುದ್ರೆ ಹಾಕಿದ 5 ಲೀಟರ್ ಅಳತೆ ಕ್ಯಾನ್ ಕೇಳಿ. ಪ್ರತಿ ಬಂಕಿನಲ್ಲೂ ಅದು ಇರಲೇಬೇಕು. ಮೊದಲು ಒಮ್ಮೆ ತುಂಬಿಸಿ ಬರಿದು ಮಾಡಿಸಿ. ಒಣ ಕ್ಯಾನ್ ಒಳಮೈಗೆ ಒಂದಿಷ್ಟು ಎಣ್ಣೆ ಅಂಟಿಕೊಂಡು ಅಳತೆ ಕಡಿಮೆ ತೋರಿಸುತ್ತದೆ, ಬಂಕಿನವರ ಮೇಲೆ ಸುಮ್ಮನೆ ಜಗಳವಾಗುತ್ತದೆ. ಸಮತಟ್ಟು ನೆಲದ ಮೇಲಿಟ್ಟು 5 ಲೀಟರ್ ಹಾಕಿಸಿ, ಕತ್ತಿನ ಗೆರೆ ನೋಡಿ. 25 ಮಿ.ಲೀ. ಆಚೀಚೆ ನಡೆಯುತ್ತದೆ. ಅದಕ್ಕಿಂತ ಕಡಿಮೆಯಾದರೆ ಬಿಲ್, ಪಂಪಿನ ಸಂಖ್ಯೆ, ಸಮಯ ಬರೆದುಕೊಂಡು ಕಾನೂನು ಮಾಪನಶಾಸ್ತ್ರ ಇಲಾಖೆಗೆ ಅಥವಾ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಬಿಲ್ ಇಲ್ಲದ ದೂರಿಗೆ ಬಲ ಕಡಿಮೆ.

ಪ್ರಶ್ನೆ: ಹಳ್ಳಿಯ ಅಂಗಡಿಯಲ್ಲಿ ಬಾಟಲಿ ಪೆಟ್ರೋಲಿಗೆ 20 ರೂಪಾಯಿ ಹೆಚ್ಚು ಕೇಳುತ್ತಾರೆ. ಇದಕ್ಕೆ ಮಿತಿ ಇಲ್ಲವೇ?
— ಓದುಗರು, ಸಕಲೇಶಪುರ

ಆ ಮಾರಾಟವೇ ಕಾನೂನುಬಾಹಿರ. 1934ರ ಪೆಟ್ರೋಲಿಯಂ ಕಾಯ್ದೆಯಂತೆ ಪರವಾನಗಿ ಇಲ್ಲದೆ 30 ಲೀಟರ್‌ವರೆಗೆ ಇಟ್ಟುಕೊಳ್ಳಲು ಅವಕಾಶವಿರುವುದು ಮಾರಾಟಕ್ಕಲ್ಲದಿದ್ದರೆ ಮಾತ್ರ. ಮಿತಿಯ ಮಾತು ಎಲ್ಲಿಂದ ಬರಬೇಕು!

ಪ್ರಶ್ನೆ: ನಾವಿರುವ ಕ್ಯಾಲಿಫೋರ್ನಿಯಾದಲ್ಲಿ ಟೆಕ್ಸಾಸ್‌ಗಿಂತ ಗ್ಯಾಸ್ (ಪೆಟ್ರೋಲ್) ಬಹಳ ದುಬಾರಿ, ಎದುರುಬದುರು ಬಂಕುಗಳಲ್ಲೇ ಬೇರೆ ದರ. ಇದು ಸುಲಿಗೆಯಲ್ಲವೇ?
— ಓದುಗರು, ಸ್ಯಾನ್ ಹೋಸೆ

ಅಲ್ಲಿ ದರ ಬಂಕಿನವರ ಕೈಯಲ್ಲೇ ಇದೆ. ಎದುರುಬದುರು ವ್ಯತ್ಯಾಸ ಕಾನೂನುಬದ್ಧ. ರಾಜ್ಯದ ಅಬಕಾರಿ ತೆರಿಗೆ 2025ರ ಜುಲೈನಿಂದ ಗ್ಯಾಲನ್‌ಗೆ 61.2 ಸೆಂಟ್, ಟೆಕ್ಸಾಸ್‌ನಲ್ಲಿ 20. ಜೊತೆಗೆ ಕ್ಯಾಲಿಫೋರ್ನಿಯಾಕ್ಕೆ ತನ್ನದೇ ವಿಶೇಷ ಮಿಶ್ರಣ ಬೇಕು, ಟೆಕ್ಸಾಸ್ ಕಡೆಯ ಸಂಸ್ಕರಣಾಗಾರಗಳಿಂದ ಅಲ್ಲಿಗೆ ಪೆಟ್ರೋಲ್ ಕೊಳವೆಯಿಲ್ಲ. ಒಂದು ಸಂಸ್ಕರಣಾಗಾರ ಕೆಟ್ಟು ನಿಂತರೆ ಹಡಗು ಬರುವವರೆಗೆ ದರ ಜಿಗಿಯುತ್ತದೆ. 2015ರ ಫೆಬ್ರುವರಿಯಲ್ಲಿ ಅಲ್ಲಿನ ಟಾರನ್ಸ್ ಸಂಸ್ಕರಣಾಗಾರದ ಸ್ಫೋಟದ ನಂತರ ಆದದ್ದು ಇದೇ. ಆದರೂ ತೆರಿಗೆ, ವೆಚ್ಚ ಎಲ್ಲ ಕಳೆದ ಮೇಲೂ ಲೆಕ್ಕಕ್ಕೆ ಸಿಗದ ಭಾಗವೊಂದು ಅಲ್ಲಿನ ದರದಲ್ಲಿ ಉಳಿಯುತ್ತದೆ. ನಿಮ್ಮ ಅನುಮಾನ ಪೂರ್ತಿ ಹುಸಿಯಲ್ಲ. 2023ರಲ್ಲಿ ರಾಜ್ಯ ಇದರ ನಿಗಾಕ್ಕೆ ಪ್ರತ್ಯೇಕ ವಿಭಾಗ ರಚಿಸಿತು. ಬೆಲೆ ಸುಲಿಗೆ ತಡೆಯುವ ಅಲ್ಲಿನ ದಂಡಸಂಹಿತೆಯ 396ನೇ ಕಲಮು ಅನ್ವಯಿಸುವುದು ತುರ್ತುಪರಿಸ್ಥಿತಿ ಘೋಷಣೆಯಾದಾಗ ಮಾತ್ರ: ಆಗ ಶೇ 10ಕ್ಕಿಂತ ಹೆಚ್ಚು ಏರಿಸಿದವರು, ವೆಚ್ಚವೇ ಏರಿದೆಯೆಂದು ತೋರಿಸಲಾಗದಿದ್ದರೆ, ತಪ್ಪಿತಸ್ಥರು.