ರಿವರ್ಸ್ ಪಾರ್ಕಿಂಗ್ ಭಯ ಹೋಗೋದು ಹೇಗೆ? ಮೊದಲು ಕಾಲು, ಆಮೇಲೆ ಸ್ಟೇರಿಂಗ್

ನಿಮ್ಮ ಪ್ರಶ್ನೆ ಓದಿದೆ. ಲೈಸೆನ್ಸ್ ಬಂದು ಎರಡು ವರ್ಷ ಆಗಿದೆ, ಹರಿಹರಕ್ಕೆ, ಚಿತ್ರದುರ್ಗಕ್ಕೆ ಒಬ್ಬರೇ ಕಾರಿನಲ್ಲಿ ಹೋಗಿ ಬರುತ್ತೀರಿ. ಆದರೆ ಹಿಂದಕ್ಕೆ ತೆಗೆದು ಜಾಗಕ್ಕೆ ಹಾಕಬೇಕು ಅಂದ ಕೂಡಲೇ ಕೈ ನಡುಗುತ್ತದೆ. ಮದುವೆಗೆ ಹೋದರೆ ಕಲ್ಯಾಣ ಮಂಟಪದಿಂದ ಅರ್ಧ ಕಿಲೋಮೀಟರ್ ಆಚೆ ನಿಲ್ಲಿಸಿ ನಡೆದು ಬರುತ್ತೀರಿ. ಧೈರ್ಯ ಬರೋದು ಹೇಗೆ ಅಂತ ಕೇಳಿದ್ದೀರಿ.

ನಾನೂ ದಾವಣಗೆರೆಯವಳೇ. ಕಾರು ಕಲಿತದ್ದು 41ನೇ ವಯಸ್ಸಿನಲ್ಲಿ. ಹೆಚ್ಚುಕಡಿಮೆ ಒಂದು ವರ್ಷ ನಿಮ್ಮ ಹಾಗೇ ದೂರದಲ್ಲಿ ನಿಲ್ಲಿಸಿ, ರೇಷ್ಮೆ ಸೀರೆಯಲ್ಲಿ, ಮುಯ್ಯಿ ಕವರ್ ಕೈಯಲ್ಲಿ ಹಿಡಿದು, ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ ನಡೆದಿದ್ದೇನೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಧೈರ್ಯದ ಮಾತು ಪಕ್ಕಕ್ಕಿಡಿ. ನಿಮಗೆ ಕಡಿಮೆ ಆಗಿರೋದು ಧೈರ್ಯ ಅಲ್ಲ, ಕ್ಲಚ್ ಮೇಲಿನ ಹಿಡಿತ ಅಂತ ನನ್ನ ಅಂದಾಜು. ಯಾಕೆ ಅಂದರೆ, ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಬುಡದಲ್ಲೂ ಕ್ಲಚ್, ಬ್ರೇಕ್ ಇರುತ್ತವೆ. ನಾನು ಕಲಿತ ಕಡೆ ರಿವರ್ಸ್ ಗೇರ್ ಬಿದ್ದ ತಕ್ಷಣ ಕ್ಲಚ್ ಅವರ ಕಾಲಿಗೆ ಹೋಗುತ್ತಿತ್ತು. "ಮೇಡಂ, ನೀವು ಸ್ಟೇರಿಂಗ್ ತಿರುಗಿಸಿ ಸಾಕು" ಅನ್ನುತ್ತಿದ್ದರು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 15ನೇ ನಿಯಮ ಲೈಸೆನ್ಸ್ ಪರೀಕ್ಷೆಯಲ್ಲಿ ಏನೇನು ಮಾಡಿ ತೋರಿಸಬೇಕು ಅಂತ ಹೇಳುತ್ತದೆ. ಕಾರನ್ನು ಹಿಂದಕ್ಕೆ ಓಡಿಸಿ, ಇಕ್ಕಟ್ಟಾದ ಜಾಗಕ್ಕೆ ಎಡಕ್ಕೋ ಬಲಕ್ಕೋ ತಿರುಗಿಸಿ ಹಾಕುವುದೂ ಅದರಲ್ಲಿದೆ. ನಾನು ಅದನ್ನು ಮಾಡಿ ತೋರಿಸಿ ಪಾಸಾದೆ. ನನ್ನ ಕೈ ಪಾಸಾಗಿತ್ತು, ಕಾಲು ಮಾತ್ರ ಕಲಿತೇ ಇರಲಿಲ್ಲ. ಸ್ವಂತ ಕಾರಿನಲ್ಲಿ ಕೂತಾಗ ಅದು ಗೊತ್ತಾಯಿತು: ಕ್ಲಚ್ ಬಿಟ್ಟರೆ ಕಾರು ಜಿಗಿಯುತ್ತದೆ, ಜಿಗಿದರೆ ಬ್ರೇಕ್ ಒತ್ತುತ್ತೇನೆ, ಆಫ್ ಆಗುತ್ತದೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಅಷ್ಟರಲ್ಲಿ ಸ್ಟೇರಿಂಗ್ ಯಾವ ಕಡೆ ತಿರುಗಿಸಿದ್ದೆ ಅನ್ನೋದೇ ಮರೆತಿರುತ್ತದೆ.

ನನಗೆ ಬಿಡಿಸಿ ಹೇಳಿದವರು ನಮ್ಮ ಬೀದಿಯ ಒಬ್ಬ ತಮ್ಮ. ಅಕ್ಕಿ ಗಿರಣಿಯಿಂದ ಮಂಡಿಪೇಟೆಗೆ ಸಣ್ಣ ಲಗೇಜ್ ಗಾಡಿಯಲ್ಲಿ ಮೂಟೆ ಹೊಡೆಯುವ ಹುಡುಗ. ಮಂಡಿಪೇಟೆಯ ಆ ಇಕ್ಕಟ್ಟಿನಲ್ಲಿ, ಎರಡೂ ಕಡೆ ಬೈಕು, ನಡುವೆ ಹಮಾಲರು, ಅಂಗಡಿ ಮೆಟ್ಟಿಲಿಗೆ ಒಂದು ಗೇಣು ಬಿಟ್ಟು ಗಾಡಿಯನ್ನು ಹಿಂದಕ್ಕೆ ತಂದು ನಿಲ್ಲಿಸುತ್ತಾನೆ. ಅವನು ನನ್ನ ಪಕ್ಕ ಕೂತು ಹೇಳಿದ ಮೊದಲ ಮಾತು: "ಅಕ್ಕಾ, ಕೈ ತೊಡೆ ಮೇಲೆ ಇಟ್ಕೊಳ್ರಿ. ಇವತ್ತು ಬರೀ ಕಾಲು."

ಆ ಪಾಠವನ್ನೇ ನಿಮಗೂ ಹೇಳುತ್ತೇನೆ. ಶಾಮನೂರು ಕಡೆಯೋ ಹದಡಿ ರಸ್ತೆ ಕಡೆಯೋ ಹೊಸ ಬಡಾವಣೆಗಳಲ್ಲಿ ಖಾಲಿ ಸೈಟುಗಳ ನಡುವೆ ಮಟ್ಟಸವಾದ ರಸ್ತೆ ಸಿಗುತ್ತದೆ. ಬೆಳಿಗ್ಗೆ ಬೇಗ ಹೋಗಿ. ರಿವರ್ಸ್ ಗೇರ್ ಹಾಕಿ, ಆಕ್ಸಿಲರೇಟರ್ ಮುಟ್ಟಬೇಡಿ. ಹಿಮ್ಮಡಿ ನೆಲಕ್ಕೆ ಊರಿ, ಕ್ಲಚ್ಚನ್ನು ಒಂದೊಂದೇ ಕೂದಲೆಳೆ ಬಿಡುತ್ತಾ ಬನ್ನಿ. ಒಂದು ಕಡೆ ಎಂಜಿನ್ ದನಿ ಸ್ವಲ್ಪ ಭಾರವಾಗುತ್ತದೆ, ಬಾನೆಟ್ಟು ಒಂಚೂರು ಅದುರುತ್ತದೆ. ಅದೇ ಜಾಗ. ಪಾದ ಅಲ್ಲೇ ನಿಲ್ಲಿಸಿ, ಕಾರು ತಾನಾಗಿ ಇರುವೆ ಹೋದ ಹಾಗೆ ಹಿಂದೆ ಹೊರಡುತ್ತದೆ. ಒಂಚೂರು ಒತ್ತಿ, ನಿಲ್ಲುತ್ತದೆ. ಮತ್ತೆ ಬಿಡಿ. ಹತ್ತು ಅಡಿ ದೂರಕ್ಕೆ ಅರ್ಧ ನಿಮಿಷ ತೆಗೆದುಕೊಳ್ಳುವಷ್ಟು ನಿಧಾನ ಬರಬೇಕು. ಆಗಾಗ ಕ್ಲಚ್ ಪೂರ್ತಿ ಒತ್ತಿ ವಿರಾಮ ಕೊಡಿ. ಹೀಗೆ ಅರ್ಧ ಬಿಟ್ಟ ಕ್ಲಚ್‌ನಲ್ಲೇ (ಹಾಫ್ ಕ್ಲಚ್) ಬಹಳ ಹೊತ್ತು ಇಟ್ಟರೆ ಪ್ಲೇಟ್ ಕಾದು ಸುಟ್ಟ ವಾಸನೆ ಬರುತ್ತದೆ. ನಿಮ್ಮದು ಆಟೋಮ್ಯಾಟಿಕ್ ಆದರೆ ಈ ಕೆಲಸ ಬ್ರೇಕಿನದು: ಬ್ರೇಕ್ ಸಡಿಲಿಸಿದಷ್ಟೇ ಕಾರು ಸರಿಯಬೇಕು.

ನಾನು ನಾಲ್ಕು ಭಾನುವಾರ ಇದೊಂದನ್ನೇ ಮಾಡಿದೆ. ಬೇಜಾರು ಬಂತು ನಿಜ. ಆದರೆ ಐದನೇ ಭಾನುವಾರ ಸ್ಟೇರಿಂಗ್ ಹಿಡಿದಾಗ ಕೈಗೆ ಬೇಕಾದಷ್ಟು ಸಮಯ ಇತ್ತು. ತಪ್ಪು ಕಡೆ ತಿರುಗಿಸಿದರೂ ಕಾರು ಒಂದು ಗೇಣು ಸರಿಯುವುದರೊಳಗೆ ಸರಿಮಾಡಿಕೊಳ್ಳಬಹುದಿತ್ತು. ನೀವು ಧೈರ್ಯ ಅಂತ ಕೇಳಿದ್ದು ನನಗೆ ಬಂದದ್ದು ಆವತ್ತು.

ಇನ್ನು ಸ್ಟೇರಿಂಗ್. ಹಿಂಭಾಗ ಎಡಕ್ಕೆ ಹೋಗಬೇಕಾದರೆ ಎಡಕ್ಕೆ, ಬಲಕ್ಕೆ ಹೋಗಬೇಕಾದರೆ ಬಲಕ್ಕೆ, ಅಷ್ಟೇ. ಗೊಂದಲ ಆಗೋದು ಮೂತಿಯಿಂದ. ಕಾರಿನಲ್ಲಿ ತಿರುಗುವುದು ಮುಂದಿನ ಚಕ್ರಗಳು ಮಾತ್ರ. ಅದರಿಂದ ಹಿಂದಕ್ಕೆ ಬರುವಾಗ ಹಿಂಭಾಗ ಎಡಕ್ಕೆ ಒಳಗೆ ಹೋದರೆ, ಮೂತಿ ಬಲಕ್ಕೆ ಅಗಲವಾಗಿ ಬೀಸಿಕೊಳ್ಳುತ್ತದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಒಂದು ಮಂಟಪದ ಅಂಗಳದಲ್ಲಿ ಕತ್ತು ತಿರುಗಿಸಿ ಹಿಂದೆ ಮಾತ್ರ ನೋಡುತ್ತಾ ಎಡಕ್ಕೆ ಹಾಕುತ್ತಿದ್ದೆ. ಹಿಂದೆ ಎಲ್ಲ ಸರಿಯಾಗಿಯೇ ಇತ್ತು. ಬಲ ಮುಂದಿನ ಮೂಲೆ ಎದುರು ಸಾಲಿನಲ್ಲಿದ್ದ ಬೈಕಿನ ಹ್ಯಾಂಡಲ್‌ಗೆ ತಾಗಿ, ಅದು ಪಕ್ಕದ ಬೈಕಿನ ಮೇಲೆ ಬಿತ್ತು. ಬೈಕಿನ ಹುಡುಗ ಬಂದು, "ಇರ್ಲಿ ಬಿಡ್ರಿ ಅಕ್ಕಾ, ಮಿರರ್ ಅಷ್ಟೇ ಹೋಗಿರೋದು" ಅಂದ. ದುಡ್ಡು ಕೊಟ್ಟು ಬಂದೆ. ಆವತ್ತಿನಿಂದ ಹಿಂದೆ ಎರಡು ಸಲ ನೋಡಿದರೆ ಮುಂದೆ ಒಂದು ಸಲ ನೋಡುತ್ತೇನೆ. ನೀವೂ ಹಾಗೇ ಮಾಡಿ.

ಅಭ್ಯಾಸಕ್ಕೆ ಕಲ್ಲು, ಇಟ್ಟಿಗೆ ಇಡಬೇಡಿ, ಕನ್ನಡಿಯಲ್ಲಿ ಕಾಣುವುದಿಲ್ಲ, ತಾಗಿದರೆ ಬಂಪರ್ ಗೀರು. ನಾವು ಗಿರಣಿಯಿಂದ ಭತ್ತದ ಹೊಟ್ಟು ತುಂಬಿದ ನಾಲ್ಕು ಚೀಲ ತಂದಿದ್ದೆವು. ನಮ್ಮೂರಲ್ಲಿ ಹೊಟ್ಟಿಗೇನು ಬರ, ಮಂಡಕ್ಕಿ ಭಟ್ಟಿಗಳ ಒಲೆಗೆ ಹೋಗೋದೂ ಅದೇ. ಚೀಲ ನೆಟ್ಟಗೆ ನಿಲ್ಲುತ್ತದೆ, ಎತ್ತರ ಇರುತ್ತದೆ, ಕಾರು ಗುದ್ದಿದರೆ ಮೆತ್ತಗೆ ಉರುಳುತ್ತದೆ. ಗೆರೆ ಎಳೆದ ಪಾರ್ಕಿಂಗ್ ಜಾಗ ಸಾಮಾನ್ಯವಾಗಿ ಎರಡೂವರೆ ಮೀಟರ್ (ಸುಮಾರು ಎಂಟು ಅಡಿ) ಅಗಲ, ಐದು ಮೀಟರ್ ಉದ್ದ. ಸಣ್ಣ ಕಾರು ನಾಲ್ಕು ಮೀಟರಿನ ಒಳಗೆ, ಅಗಲ ಸುಮಾರು ಐದೂವರೆ ಅಡಿ. ಅಂದರೆ ನಡುವೆ ನಿಲ್ಲಿಸಿದರೆ ಎರಡೂ ಪಕ್ಕ ಒಂದೊಂದು ಅಡಿಗಿಂತ ಜಾಸ್ತಿಯೇ ಉಳಿಯುತ್ತದೆ. ಚೀಲಗಳನ್ನು ಮೊದಲು ಹತ್ತು ಅಡಿಗೆ ಇಡಿ, ಸರಾಗ ಆದ ಮೇಲೆ ಒಂಬತ್ತು, ಆಮೇಲೆ ಎಂಟು.

ಖಾಲಿ ಜಾಗ ನಿಮ್ಮ ಎಡಕ್ಕಿದೆ ಅಂತಿಟ್ಟುಕೊಳ್ಳಿ. ನಿಂತ ಕಾರುಗಳ ಸಾಲಿನಿಂದ ನಾಲ್ಕು ಅಡಿ ಬಿಟ್ಟು ಮುಂದೆ ಹೋಗಿ. ನಿಮ್ಮ ಭುಜ ಜಾಗದ ನಡುವಿಗೆ ಬಂದಾಗ ಬಲಕ್ಕೆ ತಿರುಗಿಸುತ್ತಾ ಮುಂದೆ ಎಳೆಯಿರಿ, ಕಾರಿನ ಬೆನ್ನು ಜಾಗದ ಕಡೆ ಓರೆಯಾಗಿ ನಿಲ್ಲಬೇಕು. ಅರ್ಧ ಕೆಲಸ ಇಲ್ಲೇ ಮುಗಿಯಿತು. ಮುಂದೆ ಎಷ್ಟು ಓರೆ ಮಾಡಿಕೊಂಡಿರೋ ಹಿಂದೆ ಅಷ್ಟು ಸಲೀಸು. ಈಗ ಎಡಕ್ಕೆ ತಿರುಗಿಸಿ ಇರುವೆ ನಡಿಗೆಯಲ್ಲಿ ಹಿಂದೆ ಬನ್ನಿ. ಎಡ ಕನ್ನಡಿಯನ್ನು ಮೊದಲೇ ಸ್ವಲ್ಪ ಕೆಳಗೆ ಬಗ್ಗಿಸಿಕೊಂಡಿರಿ, ಹಿಂದಿನ ಚಕ್ರ, ನೆಲ ಎರಡೂ ಕಾಣಬೇಕು. ನೀವು ಕೊನೆಗೆ ದಾಟಿದ ಕಾರಿನ ಮೂಲೆ ಇದೆಯಲ್ಲ, ನಿಮ್ಮ ಹಿಂದಿನ ಎಡ ಚಕ್ರ ಅದನ್ನು ದಾಟುವವರೆಗೆ ಕಣ್ಣು ಆ ಕನ್ನಡಿಯಲ್ಲೇ ಇರಲಿ. ದಾಟಿದ ಮೇಲೆ ಒಮ್ಮೆ ನಿಲ್ಲಿಸಿ, ಬಲ ಮುಂಭಾಗ ನೋಡಿ, ಮತ್ತೆ ಹೊರಡಿ. ಎರಡೂ ಕನ್ನಡಿಯಲ್ಲಿ ಸಮ ಜಾಗ ಕಂಡಾಗ ಸ್ಟೇರಿಂಗ್ ಸೀದಾ ಮಾಡಿ ಒಳಗೆ ಹೋಗಿ. ನಟ್ಟನಡುವಿನಿಂದ ಪೂರ್ತಿ ಕಟ್ ಆಗಲು, ಅಂದರೆ ಒಂದು ಕಡೆಗೆ ಇನ್ನು ತಿರುಗದಷ್ಟು ತಿರುಗಲು, ಸ್ಟೇರಿಂಗ್ ಎಷ್ಟು ಸುತ್ತು ಬೇಕು ಅಂತ ಮನೆಯಲ್ಲೇ ಎಣಿಸಿಟ್ಟುಕೊಳ್ಳಿ. ಸಣ್ಣ ಕಾರುಗಳಲ್ಲಿ ಒಂದೂವರೆ ಸುತ್ತಿನ ಆಸುಪಾಸು ಇರುತ್ತದೆ. ಎಷ್ಟು ತಿರುಗಿಸಿದ್ದಿರೋ ಅಷ್ಟೇ ವಾಪಸ್ ತಿರುಗಿಸಿದರೆ ಚಕ್ರ ಸೀದಾ.

ಸೊಟ್ಟ ಆಯಿತಾ? ಮುಂದಕ್ಕೆ ಎಳೆದು ಮತ್ತೆ ಹಾಕಿ. ಆ ತಮ್ಮನೂ ದಿನಾ ಎರಡು ಮೂರು ಸಲ ಹಿಂದೆ ಮುಂದೆ ಮಾಡಿಯೇ ಹಾಕುತ್ತಾನೆ, ಯಾರೂ ಅವನಿಗೆ ಗಾಡಿ ಬರಲ್ಲ ಅನ್ನುವುದಿಲ್ಲ.

ಅಶೋಕ ರಸ್ತೆಯಂಥ ಕಡೆ ಎರಡು ಕಾರುಗಳ ನಡುವೆ ರಸ್ತೆಗುಂಟ ನಿಲ್ಲಿಸುವುದನ್ನು ಆಮೇಲೆ ಕಲಿಯಿರಿ. ಮುಂದಿನ ಕಾರಿನ ಪಕ್ಕ ಎರಡಡಿ ಬಿಟ್ಟು, ಎರಡರ ಹಿಂಬದಿ ಸಮ ಮಾಡಿ ನಿಲ್ಲಿಸಿ, ಎಡಕ್ಕೆ ಕಟ್ ಮಾಡಿ ಓರೆಯಾಗುವವರೆಗೆ ಹಿಂದೆ, ಆಮೇಲೆ ಸೀದಾ, ನಿಮ್ಮ ಎಡ ಮುಂದಿನ ಮೂಲೆ ಆ ಕಾರಿನಿಂದ ಬಿಡಿಸಿಕೊಂಡ ಮೇಲೆ ಬಲಕ್ಕೆ ಕಟ್. ಮೇಲಿನದು ಬಂದರೆ ಇದು ತಾನಾಗಿ ಬರುತ್ತದೆ.

ಜನ ಸಹಾಯಕ್ಕೆ ಬರುತ್ತಾರೆ, ಅದು ನಮ್ಮೂರಿನ ಒಳ್ಳೆಯ ಗುಣ. ಆದರೆ ನಾಲ್ಕು ಜನ ನಾಲ್ಕು ಕಡೆಯಿಂದ "ಬರ್ಲಿ ಬರ್ಲಿ", "ಹೋಲ್ಡಾನ್" ಅಂದರೆ ಯಾರ ಮಾತು ಕೇಳೋದು? ಒಬ್ಬರನ್ನು ಮಾತ್ರ ನೋಡಿ, "ನೀವೊಬ್ರೇ ಹೇಳ್ರಿ ಅಣ್ಣಾ" ಅಂತ ಗಾಜಿಳಿಸಿ ಕೇಳಿ. ಅವರು ಕನ್ನಡಿಯಿಂದ ಮರೆಯಾದರೆ ಕಾರು ನಿಲ್ಲಬೇಕು. ಮನೆಯವರು ಪಕ್ಕದಲ್ಲಿ ಕೂತು ಕೂಗುತ್ತಾರೆ ಅಂತ ಬರೆದಿದ್ದೀರಲ್ಲ, ಅವರನ್ನು ಇಳಿಸಿ ಹೊರಗೆ ನಿಲ್ಲಿಸಿ. ಅಲ್ಲಿಂದ ಅವರಿಗೆ ಜಾಗ ಕಾಣುತ್ತದೆ, ಗಾಬರಿಯೂ ಕಡಿಮೆ ಆಗುತ್ತದೆ.

ಸೆನ್ಸರ್ ಇದೆ ಅಂತ ಪೂರ್ತಿ ನಂಬಬೇಡಿ. 2019ರ ಜುಲೈ 1ರಿಂದ ತಯಾರಾದ ಕಾರುಗಳಿಗೆಲ್ಲ ಹಿಂದಿನ ಪಾರ್ಕಿಂಗ್ ಸೆನ್ಸರ್ ಕಡ್ಡಾಯ, ಒಳ್ಳೆಯದೇ. ಅದು ಗೋಡೆ ನೋಡುತ್ತದೆ, ಕಾರು ನೋಡುತ್ತದೆ. ಚಪ್ಪಡಿ ಇಲ್ಲದ ಚರಂಡಿಯನ್ನು ನೋಡುವುದಿಲ್ಲ, ಯಾಕೆಂದರೆ ಅಲ್ಲಿ ಅದಕ್ಕೆ ತಾಗುವಂಥದ್ದು ಏನೂ ಇಲ್ಲ. ತೆಳ್ಳಗಿನ ತಂತಿ, ಗಿಡ್ಡ ಕಲ್ಲು ಕೂಡ ತಪ್ಪಿಹೋಗಬಹುದು. ಹತ್ತುವ ಮುಂಚೆ ಕಾರಿನ ಸುತ್ತ ಒಂದು ಸುತ್ತು ಬನ್ನಿ, ಅವಸರ ಎಷ್ಟೇ ಇರಲಿ. ಆಡುತ್ತಾ ಹಿಂದೆ ಕೂತ ಮಗು ಯಾವ ಕನ್ನಡಿಯಲ್ಲೂ ಕಾಣುವುದಿಲ್ಲ. ಬಿಸಿಲಿಗೆ ಕಾರಿನ ಅಡಿ ಮಲಗಿದ ನಾಯಿಯೂ ಅಷ್ಟೇ.

ಕೊನೆಗೆ ಮನೆಯ ಗೇಟು. ನಮ್ಮ ಮನೆಯ ಹಾಗೆ ಚರಂಡಿ ಮೇಲಿಂದ ಏರು ಹತ್ತಿ ಒಳಗೆ ಹೋಗಬೇಕಾದರೆ ಬರೀ ಕ್ಲಚ್ಚಿನಲ್ಲಿ ಆಗುವುದಿಲ್ಲ, ಒಂಚೂರು ಆಕ್ಸಿಲರೇಟರ್ ಬೇಕು. ಹೆದರಿ ಜಾಸ್ತಿ ಕೊಟ್ಟರೆ ಏರು ಹತ್ತಿದ ಕಾರು ಗೋಡೆಗೆ ಹೋಗುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಕ್ಲಚ್ಚಿನಲ್ಲಿ ಆ ಅದುರುವ ಜಾಗ ಹಿಡಿದು, ಎಂಜಿನ್ ದನಿ ಸ್ವಲ್ಪ ಏರಿದ ಮೇಲೆ ಹ್ಯಾಂಡ್ ಬ್ರೇಕ್ ಇಳಿಸಿ. ಹಿಂದಿನ ಚಕ್ರ ಮಟ್ಟಕ್ಕೆ ಬಂದ ಕೂಡಲೇ ಆಕ್ಸಿಲರೇಟರಿನಿಂದ ಕಾಲು ತೆಗೆದು ಬ್ರೇಕ್ ಮೇಲೆ. ನಾನು ಕಾಂಪೌಂಡ್ ಗೋಡೆ ಮೇಲೆ ಮೇಲಿಂದ ಕೆಳಕ್ಕೆ ಒಂದು ಗೆರೆ ಸುಣ್ಣದಲ್ಲಿ ಬಳಿದಿದ್ದೇನೆ. ಬಲ ಕನ್ನಡಿ ಆ ಗೆರೆಯ ನೇರಕ್ಕೆ ಬಂದರೆ ಹಿಂದೆ ಒಂದೂವರೆ ಅಡಿ ಉಳಿದಿರುತ್ತದೆ. ಒಂದು ಸಲ ಯಾರನ್ನಾದರೂ ಹಿಂದೆ ನಿಲ್ಲಿಸಿ ಅಳೆದು ಬಳಿದುಬಿಡಿ, ರಾತ್ರಿ ಮಳೆಯಲ್ಲಿ ಬಂದಾಗ ಉಪಯೋಗಕ್ಕೆ ಬರುತ್ತದೆ.

ನಿಮ್ಮ ಕಾರು ಯಾವುದು, ಗೇಟಿನ ಅಗಲ ಎಷ್ಟು, ಮುಂದಿನ ರಸ್ತೆ ಎಷ್ಟು ಅಡಿ ಅಂತ ಬರೆಯಿರಿ. ಯಾವ ಕಡೆಯಿಂದ ಓರೆ ಮಾಡಿಕೊಂಡು ಬಂದರೆ ಸಲೀಸು ಅಂತ ಲೆಕ್ಕ ಹಾಕಿ ಹೇಳುತ್ತೇನೆ.