ಅಲಾಸ್ಕಾದ ಹಿರಿಯರ ಆರೋಗ್ಯ ತಿಳಿಯೋಕೆ ಒಂದು ಸರ್ವೆ ಸಾಲದಾ?

ಉತ್ತರದ ಮೂಲನಿವಾಸಿ ಊರುಗಳಲ್ಲಿ ವಯಸ್ಸಾದವರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡೋಕೆ ಊರಿನವರನ್ನೇ ಯಾಕೆ ಸೇರಿಸಿಕೊಳ್ಳಬೇಕು, ಒಳ್ಳೆ ಡಾಕ್ಟರುಗಳು ಹೋಗಿ ಸರ್ವೆ ಮಾಡಿದರೆ ಸಾಲದಾ ಅಂತ ಕೇಳಿದ್ದೀರಿ. ಸಾಲದು. ನಾನು ಸಾರ್ವಜನಿಕ ಆರೋಗ್ಯ ಓದುವಾಗ ಒಂದು ಬೇಸಿಗೆ ಅಲಾಸ್ಕಾದ ಬ್ರಿಸ್ಟಲ್ ಬೇ ಕಡೆ ಇದ್ದೆ. ಆ ಅನುಭವದಿಂದಲೇ ಹೇಳುತ್ತಿದ್ದೇನೆ.

ಮೊದಲು ಒಂದು ಹಳೇ ಗಾಯದ ಕಥೆ. 1979ರಲ್ಲಿ ಅಲಾಸ್ಕಾದ ಉತ್ತರ ತುದಿಯ ಬ್ಯಾರೋ ಊರಲ್ಲಿ ಕುಡಿತದ ಬಗ್ಗೆ ಒಂದು ಅಧ್ಯಯನ ನಡೆಯಿತು. ಅದರ ಫಲಿತಾಂಶದ ಬಗ್ಗೆ ಊರಿನ ಇನುಪಿಯಾಟ್ ಅನ್ನೋ ಮೂಲನಿವಾಸಿ ಜನ ಕೂತು ಮಾತಾಡುವ ಮೊದಲೇ ಅದು ಪತ್ರಿಕೆಗಳಲ್ಲಿ ಬಂತು. ಇಡೀ ಊರೇ ಕುಡುಕರದ್ದು ಅನ್ನೋ ಹಾಗೆ ದೇಶವೆಲ್ಲ ಓದಿತು. ಆ ಊರಿಗೆ 2016ರಲ್ಲಿ ಉಟ್ಕಿಯಾಗ್ವಿಕ್ ಅನ್ನೋ ಹಳೇ ಹೆಸರು ವಾಪಸ್ ಬಂತು. ಆದರೆ ಆ ಅಧ್ಯಯನದ ಅವಮಾನ ಇನ್ನೂ ಮರೆತುಹೋಗಿಲ್ಲ. ಹೊರಗಿನವರು ಫಾರ್ಮ್ ಹಿಡಿದು ಬಂದರೆ ಜನ ಯಾಕೆ ಹಿಂಜರಿಯುತ್ತಾರೆ ಅಂತ ಈಗ ಗೊತ್ತಾಯಿತಲ್ವಾ?

ಹಾಗಾಗಿ ಈಗ ಮೊದಲು ಹಳ್ಳಿಯ ಕೌನ್ಸಿಲ್ ಒಪ್ಪಬೇಕು. ಏನು ಕೇಳಬೇಕು ಅನ್ನೋದನ್ನ ಅವರ ಜೊತೆ ಕೂತೇ ತೀರ್ಮಾನ ಮಾಡಬೇಕು. ಸಿಕ್ಕಿದ್ದನ್ನ ಮೊದಲು ಅವರಿಗೇ ತೋರಿಸಬೇಕು. ಇದಕ್ಕೆ ಟೈಮ್ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ಹೀಗೆ ಕೇಳಿದಾಗ ಉತ್ತರವೇ ಬೇರೆ ಬರುತ್ತದೆ. ಜೋರ್ಡನ್ ಲೂಯಿಸ್ ಅನ್ನೋ, ತಾವೇ ಅಲಾಸ್ಕಾದ ಮೂಲನಿವಾಸಿಯಾಗಿರೋ ಸಂಶೋಧಕರು ಬ್ರಿಸ್ಟಲ್ ಬೇಯ 6 ಊರುಗಳಲ್ಲಿ 26 ಹಿರಿಯರನ್ನ ಮಾತಾಡಿಸಿ 2011ರಲ್ಲಿ ಅದನ್ನ ಪ್ರಕಟಿಸಿದರು. ಚೆನ್ನಾಗಿ ವಯಸ್ಸಾಗೋದು ಅಂದರೆ ಏನು ಅನ್ನೋದೇ ಪ್ರಶ್ನೆ. ಮನಸ್ಸಿನ ನೆಮ್ಮದಿ, ಊರಿನ ಕೆಲಸದಲ್ಲಿ ಭಾಗವಹಿಸೋದು, ದೇವರು-ನಂಬಿಕೆ, ಮೈಯ ಆರೋಗ್ಯ, ಈ ನಾಲ್ಕೂ ಅವರ ಮಾತಲ್ಲಿ ಬಂದವು. ಅಲ್ಲಿ 'ಹಿರಿಯರು' ಅನ್ನಿಸಿಕೊಳ್ಳೋಕೆ ಬರೀ ವಯಸ್ಸಾದರೆ ಸಾಲದು. ಊರು ಹಾಗೆ ಕರೆಯಬೇಕು.

ನನಗೆ ಇದು ಅರ್ಥ ಆಗಿದ್ದು ಜುಲೈ ತಿಂಗಳ ಒಂದು ಬೆಳಿಗ್ಗೆ, ನದಿ ದಡದಲ್ಲಿ ಸಾಲ್ಮನ್ ಮೀನು ಕೊಯ್ಯುವ ಜಾಗದಲ್ಲಿ. ಒಬ್ಬ ಅಜ್ಜಿಗೆ ಬೆರಳುಗಳೆಲ್ಲ ಸಂಧಿವಾತದಿಂದ ಸೊಟ್ಟಗಾಗಿದ್ದವು. ಅರ್ಧಚಂದ್ರದ ಆಕಾರದ ಉಲು ಕತ್ತಿಯನ್ನ ಎರಡು ನಿಮಿಷ ಹಿಡಿಯೋಕೂ ಆಗುತ್ತಿರಲಿಲ್ಲ. ನನ್ನ ಕೈಯಲ್ಲಿದ್ದ ಫಾರ್ಮಿನಲ್ಲಿ 'ಕೈಯ ಶಕ್ತಿ' ಅಂತ ಒಂದು ಸಾಲಿತ್ತು. ಅಲ್ಲಿ ಅವರಿಗೆ ತೀರಾ ಕಡಿಮೆ ಅಂಕ ಹಾಕಿದೆ.

ಆಮೇಲೆ ಕತ್ತಿ ಮೊಮ್ಮಗಳ ಕೈಗೆ ಹೋಯಿತು. ಅಜ್ಜಿ ಪಕ್ಕದಲ್ಲೇ ಕೂತರು. ಹುಡುಗಿ ಕೊಯ್ದ ಒಂದೊಂದು ಪಟ್ಟಿಯನ್ನೂ ಮುಟ್ಟಿ ನೋಡಿದರು. ದಪ್ಪ ಇದ್ದರೆ ಸುಮ್ನೆ ತಲೆ ಅಲ್ಲಾಡಿಸುತ್ತಿದ್ದರು, ಒಳಗೆ ಒಣಗಲ್ಲ ಅಂತ. ಹುಡುಗಿ ಮತ್ತೆ ಕೊಯ್ಯುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಹೊಗೆಮನೆಯ ಕೋಲುಗಳ ತುಂಬ ಕೆಂಪು ಪಟ್ಟಿಗಳು ನೇತಾಡುತ್ತಿದ್ದವು. ಎಲ್ಲವೂ ಒಂದೇ ದಪ್ಪ.

ಅದನ್ನ ಬರೆಯೋಕೆ ಫಾರ್ಮಿನಲ್ಲಿ ಜಾಗವೇ ಇರಲಿಲ್ಲ.