ಅದೇ ಪ್ರಸಂಗ, ಅದೇ ವೇಷ: ನಾಲ್ಕನೇ ತಿರುಗಾಟದ ಬೇಸರ

ದಕ್ಷಿಣ ಕನ್ನಡದಲ್ಲಿ ಹರಕೆ ಹೊತ್ತವರು ಆಡಿಸುವ ಆಟಗಳಿಗೆ ಹೋಗುವ ಯಕ್ಷಗಾನ ಮೇಳವೊಂದರ ಯುವ ಕಲಾವಿದರು ಬರೆದಿದ್ದಾರೆ. ತಮ್ಮ ಹೆಸರಾಗಲೀ ಮೇಳದ ಹೆಸರಾಗಲೀ ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರದ ಮುಖ್ಯ ಭಾಗ ಇಷ್ಟು:

“ನನ್ನದು ನಾಲ್ಕನೇ ತಿರುಗಾಟ, ಮೇಳದಲ್ಲಿ ನಾಲ್ಕನೇ ವರ್ಷ. ಹೆಚ್ಚಿನ ರಾತ್ರಿ ‘ಶ್ರೀದೇವಿ ಮಹಾತ್ಮೆ’ಯೇ, ನನಗೆ ಹೆಚ್ಚಾಗಿ ಮುಂಡನ ವೇಷವೇ. ಮೊದಲ ವರ್ಷ ಧೀಂಗಿಣ (ಗಿರ್ರನೆ ಸುತ್ತಿ ಹಾರುವ ಕುಣಿತ) ಹಾಕಿದರೆ ಜನ ಸಿಳ್ಳೆ ಹೊಡೆಯುತ್ತಿದ್ದರು. ಮನೆಗೆ ಹೋಗಿ ಮಲಗಿದರೂ ಅದೇ ಕಿವಿಯಲ್ಲಿ. ಈಗ ಬಣ್ಣ ಹಚ್ಚುವಾಗಲೇ ಗಡಿಯಾರ ನೋಡುತ್ತೇನೆ. ಹಗಲು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಅದನ್ನೇ ಪೂರ್ತಿ ಹಿಡಿದು ಮೇಳ ಬಿಡೋಣ ಅನಿಸುತ್ತದೆ. ಹಿರಿಯರು ನಲವತ್ತು ವರ್ಷ ಹೇಗೆ ಮಾಡಿದರು? ನನ್ನಲ್ಲಿ ಭಕ್ತಿ ಕಡಿಮೆಯೇ, ಶಿಸ್ತು ಕಡಿಮೆಯೇ? ಹುರುಪು ಬರುವಂಥ ನಾಲ್ಕು ಮಾತು ಬರೆಯಿರಿ. ಅಂದ ಹಾಗೆ, ರಕ್ತಬೀಜನ ಪಾತ್ರ ಕಲಿತುಕೋ ಎಂದು ಪದ್ಯ ಹಾಡಿ ಆಟ ನಡೆಸುವ ಭಾಗವತರು ಹೇಳಿದ್ದರು. ಅಷ್ಟು ಅರ್ಥ (ಪದ್ಯದ ಮೇಲೆ ಆಡುವ ಮಾತು) ಹೇಳುವುದು ನನ್ನಿಂದ ಆಗದು ಎಂದು ಬಿಟ್ಟೆ.”

ಪ್ರಿಯ ಕಲಾವಿದರೇ,

ಹುರುಪು ಬರುವಂಥ ಮಾತು ಬರೆದರೆ ಅದರ ಕಾವು ಎರಡು ರಾತ್ರಿಗೆ ಆರುತ್ತದೆ. ಮೂರನೇ ರಾತ್ರಿ ಮತ್ತೆ ಬಣ್ಣ ಹಚ್ಚುವ ಅದೇ ಚೌಕಿ, ಅದೇ ಕನ್ನಡಿ. ಹಾಗಾಗಿ ಅದು ಬೇಡ. ನೀವು ಬರೆದದ್ದನ್ನೇ ಒಂದೊಂದಾಗಿ ನೋಡೋಣ.

ಮೊದಲಿಗೆ ನಿದ್ರೆ. ನೀವು ಅದರ ಬಗ್ಗೆ ಒಂದು ಸಾಲೂ ಬರೆದಿಲ್ಲ. ಚಂಡ-ಮುಂಡರು ಬರುವುದೇ ಆಟ ಅರ್ಧ ದಾಟಿದ ಮೇಲೆ. ಕಾಲಮಿತಿಯ ಆಟವಾದರೂ ವೇಷ ಕಳಚಿ, ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆದು, ಬೈಕ್ ಹತ್ತಿ ಮನೆ ಮುಟ್ಟುವಾಗ ಹೊತ್ತು ಎಷ್ಟಾಗುತ್ತದೆ ಎಂದು ನಿಮಗೇ ಗೊತ್ತು. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಾಗ ಹೋಗಬೇಕು. ಇದು ನವೆಂಬರಿನಿಂದ ಮೇ ಕೊನೆಯಲ್ಲಿ ಬರುವ ಪತ್ತನಾಜೆವರೆಗೆ. ಮಾರ್ಚಿಯ ಸೆಕೆಯಲ್ಲಿ ಕಿರೀಟ ಹೊತ್ತು ಕುಣಿಯುವವನಿಗೆ ಬೇಸರ ಬಂದರೆ ಅದು ಭಕ್ತಿಯ ಕೊರತೆ ಆಗಲೇಬೇಕೆಂದಿಲ್ಲ. ದೇಹ ದಣಿದಾಗ ಮನಸ್ಸು ‘ನನಗಿದು ಇಷ್ಟವೇ ಇಲ್ಲ’ ಎಂದು ಹೇಳಿಬಿಡುತ್ತದೆ, ನಾವೂ ನಂಬಿಬಿಡುತ್ತೇವೆ.

ಬರ್ಲಿನ್‌ನ ಸಂಗೀತ ಶಾಲೆಯೊಂದರ ಪಿಟೀಲು ವಿದ್ಯಾರ್ಥಿಗಳನ್ನು ಗಮನಿಸಿ ಮನಃಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಜೊತೆಗಾರರು 1993ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹತ್ತು ಸಾವಿರ ಗಂಟೆ ಎಂಬ ಮಾತು ಹುಟ್ಟಿದ್ದು ಅಲ್ಲಿಂದಲೇ, ಎಲ್ಲರೂ ಅದನ್ನೇ ಹಿಡಿದುಕೊಂಡರು. ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ಇತ್ತು. ಚೆನ್ನಾಗಿ ನುಡಿಸುವವರು ಉಳಿದವರಿಗಿಂತ ಜಾಸ್ತಿ ನಿದ್ರೆ ಮಾಡುತ್ತಿದ್ದರು, ಮಧ್ಯಾಹ್ನವೂ ಮಲಗುತ್ತಿದ್ದರು. ಈ ಭಾಗವನ್ನು ಯಾರೂ ಭಾಷಣದಲ್ಲಿ ಹೇಳುವುದಿಲ್ಲ. ಅಂಗಡಿಯವರನ್ನು ಕೇಳಿ ಬೆಳಗಿನ ಹೊತ್ತು ಸ್ವಲ್ಪ ಮುಂದೆ ಹಾಕಿಸಿಕೊಳ್ಳಲು ಆಗುತ್ತದೆಯೇ ನೋಡಿ. ಆಟ ಇಲ್ಲದ ದಿನ ಮದುವೆ, ಗೃಹಪ್ರವೇಶ ಎಂದು ಸುತ್ತದೆ ಮಲಗಿ. ಮೇಳ ಬಿಡುವ ತೀರ್ಮಾನ ಏನಿದ್ದರೂ ನಿದ್ರೆಗೆಟ್ಟ ತಿಂಗಳಲ್ಲಿ ಮಾಡಬೇಡಿ. ಮತ್ತೆ ಆ ಬೈಕ್ ಸವಾರಿ. ತೂಕಡಿಕೆ ಬಂದ ರಾತ್ರಿ ಚೌಕಿಯಲ್ಲೇ ಒಂದು ಚಾಪೆ ಹಾಸಿಕೊಳ್ಳಿ, ದಯವಿಟ್ಟು.

ಇನ್ನು ಸಿಳ್ಳೆ. ಮೊದಲ ವರ್ಷ ಹುರುಪು ಕೊಟ್ಟದ್ದು ಅದೇ ಎಂದು ನಿಮ್ಮ ಪತ್ರ ಓದಿದರೆ ಗೊತ್ತಾಗುತ್ತದೆ. ತಪ್ಪೇನಿಲ್ಲ. ಜನ ಮೆಚ್ಚಲಿ ಎಂದು ಆಸೆಪಡದ ವೇಷಧಾರಿ ಇದ್ದರೆ ನನಗೊಮ್ಮೆ ತೋರಿಸಿ. ಆದರೆ ಸಿಳ್ಳೆಗಾಗಿಯೇ ಕುಣಿಯಲು ಶುರು ಮಾಡಿದರೆ ಒಂದು ತೊಂದರೆ ಇದೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಒಂದು ಪ್ರಯೋಗ ಮಾಡಿ 1973ರಲ್ಲಿ ಬರೆದರು. ಚಿತ್ರ ಬಿಡಿಸಲು ತಾವಾಗಿಯೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ‘ಚಿತ್ರ ಬಿಡಿಸಿದರೆ ಬಹುಮಾನದ ಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಿ ಕೊಟ್ಟರು. ಕೆಲವರಿಗೆ ಏನೂ ಹೇಳದೆ, ಬಿಡಿಸಿದ ಮೇಲೆ ಕೊಟ್ಟರು. ಇನ್ನು ಕೆಲವರಿಗೆ ಕೊಡಲೇ ಇಲ್ಲ. ಒಂದೆರಡು ವಾರ ಬಿಟ್ಟು, ಬಹುಮಾನದ ಮಾತೇ ಇಲ್ಲದ ಆಟದ ಹೊತ್ತಿನಲ್ಲಿ ನೋಡಿದರೆ, ಬಹುಮಾನದ ಮಾತು ಮೊದಲೇ ಕೇಳಿ ಬಿಡಿಸಿದ್ದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಆ ಕಡೆ ಸುಳಿದರು. ಕೇಳದೆ ಬಹುಮಾನ ಬಂದ ಮಕ್ಕಳ ಆಸೆಗೆ ಏನೂ ಆಗಿರಲಿಲ್ಲ.

ನೀವು ಮಗುವಲ್ಲ, ಸಿಳ್ಳೆ ಬಹುಮಾನಪತ್ರವೂ ಅಲ್ಲ. ಆದರೂ ಗಮನಿಸಿ. ಮೊದಲ ವರ್ಷ ಸಿಳ್ಳೆ ನಿಮಗೆ ಕೇಳದೆ ಬಂದದ್ದು. ಎರಡನೇ ವರ್ಷದಿಂದ ನೀವು ಅದಕ್ಕೆ ಕಾಯುತ್ತಿದ್ದೀರಿ. ಅದಕ್ಕಾಗಿಯೇ ಧೀಂಗಿಣದ ಸಂಖ್ಯೆ ಜಾಸ್ತಿ ಮಾಡಿರಬೇಕು, ಅಲ್ವಾ? ಜನ ಈಗ ಆ ಸಂಖ್ಯೆಗೂ ಒಗ್ಗಿಹೋಗಿದ್ದಾರೆ. ಮೊಣಕಾಲು ಮಾತ್ರ ಒಗ್ಗುವುದಿಲ್ಲ. ನೀವು ನಿಜವಾಗಿ ಚೆನ್ನಾಗಿ ಕುಣಿದಿರೋ ಇಲ್ಲವೋ ಎಂದು ತಿಳಿಯಬೇಕಾದರೆ ಮದ್ದಳೆಗಾರರನ್ನು ಕೇಳಿ. ಸಿಳ್ಳೆ ಹೊಡೆಯುವವನಿಗೆ ಗೊತ್ತಾಗದ ತಾಳದ ತಪ್ಪು ಅವರ ಬೆರಳಿಗೆ ಗೊತ್ತಾಗುತ್ತದೆ. ಚೆನ್ನಾಗಿತ್ತು ಎಂದು ಅವರು ತಲೆಯಾಡಿಸಿದರೆ ಅದು ನಾಲ್ಕು ದಿನ ಉಳಿಯುತ್ತದೆ.

ಈಗ ನಿಮ್ಮ ದೊಡ್ಡ ದೂರು: ಅದೇ ಪ್ರಸಂಗ, ಅದೇ ವೇಷ. ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ಪದ್ಯ ಅದೇ, ನಿಜ. ತಾಳ ಅದೇ. ಕೊನೆಗೆ ದೇವಿಯ ಕೈಯಲ್ಲಿ ಸಾಯುವುದೂ ಖಂಡಿತ. ಆದರೆ ಮಾತು? ನಾಟಕದವನಿಗೆ ಇಲ್ಲದ ಸ್ವಾತಂತ್ರ್ಯ ನಿಮಗಿದೆ. ಭಾಗವತರು ಪದ್ಯ ಹೇಳಿ ಮುಗಿಸಿದ ಮೇಲೆ ಅರ್ಥ ಏನು ಹೇಳಬೇಕೆಂದು ಯಾರೂ ಬರೆದುಕೊಟ್ಟಿಲ್ಲ. ನಾಲ್ಕು ವರ್ಷದಿಂದ ಒಂದೇ ಅರ್ಥ ಹೇಳುತ್ತಿದ್ದರೆ ಅದನ್ನು ಕಟ್ಟಿಹಾಕಿದವರು ನೀವೇ.

ಮುಂಡನನ್ನೇ ತೆಗೆದುಕೊಳ್ಳಿ. ಅವನು ಮತ್ತು ಚಂಡ ಕಾಡಿನಲ್ಲಿ ದೇವಿಯನ್ನು ಕಂಡು ಬಂದು ಶುಂಭನಿಗೆ ವರದಿ ಒಪ್ಪಿಸುತ್ತಾರೆ. ಮುಂದೆ ಸುಗ್ರೀವನೆಂಬ ರಾಕ್ಷಸ ದೂತನಾಗಿ ಹೋಗುವುದು, ಧೂಮ್ರಾಕ್ಷ ಹೋಗುವುದು, ಯುದ್ಧ, ಎಲ್ಲ ಶುರುವಾಗುವುದು ಆ ವರದಿಯಿಂದ. ಕಂಡದ್ದನ್ನು ಅವನು ಹೇಗೆ ಹೇಳುತ್ತಾನೆ? ರಾಜನಿಂದ ಉಡುಗೊರೆ ಸಿಗಲಿ ಎಂದು ಉಪ್ಪು-ಖಾರ ಹಾಕಿ ಹೇಳುತ್ತಾನೆಯೇ? ಅಥವಾ ಆ ರೂಪ ಕಂಡು ಒಳಗೊಳಗೇ ಹೆದರಿದ್ದಾನೆ, ಹೆದರಿದ್ದು ರಾಜನಿಗೆ ಗೊತ್ತಾಗಬಾರದು ಎಂದು ಜೋರಾಗಿ ಮಾತಾಡುತ್ತಾನೆಯೇ? ಚಂಡ ಹೇಳಿದ್ದಕ್ಕೆಲ್ಲ ಹೌದು ಎನ್ನುವ ಮುಂಡ ಒಬ್ಬ. ಚಂಡನಿಗಿಂತ ಮೊದಲು ತಾನೇ ಹೇಳಬೇಕೆಂದು ಬಾಯಿ ಹಾಕುವ ಮುಂಡ ಇನ್ನೊಬ್ಬ. ಮೊದಲೇ ಚಂಡನ ವೇಷಧಾರಿಯ ಹತ್ತಿರ ಒಂದು ಮಾತು ಹೇಳಿ, ಒಂದು ವಾರ ಹೆದರಿದ ಮುಂಡನನ್ನು ಮಾಡಿ ನೋಡಿ. ಎದುರಿನ ಶುಂಭ ಬೇರೆಯೇ ಪ್ರಶ್ನೆ ಕೇಳುತ್ತಾನೆ. ನೀವು ಉತ್ತರ ಹುಡುಕಬೇಕಾಗುತ್ತದೆ. ಗಡಿಯಾರ ನೋಡಲು ಪುರುಸೊತ್ತು ಸಿಗುವುದಿಲ್ಲ.

ಒಂದು ಎಚ್ಚರಿಕೆ. ಅದು ಹರಕೆ ಆಟ. ಹರಕೆ ಹೊತ್ತ ಮನೆಯವರು ಎಷ್ಟೋ ವರ್ಷ ಕಾದು ಆಡಿಸುತ್ತಿರುತ್ತಾರೆ. ಹೊಸತು ಮಾಡುತ್ತೇನೆಂದು ಭಾಗವತರನ್ನು ಕೇಳದೆ ಪದ್ಯದ ದಾರಿ ಬಿಟ್ಟು ಹೋಗಬೇಡಿ, ಆಟವನ್ನು ಎಳೆಯಬೇಡಿ. ನಾನು ಹೇಳಿದ ಬದಲಾವಣೆ ನಾಲ್ಕೈದು ವಾಕ್ಯದೊಳಗೆ ಮುಗಿಯುವಂಥದ್ದು.

ಹಿರಿಯರ ವಿಷಯ ಕೇಳಿದ್ದೀರಿ. ನಲವತ್ತು ವರ್ಷ ಹೇಗೆ ಮಾಡಿದರು ಎಂದರೆ, ನನಗೆ ಕಂಡಂತೆ ಅವರು ಒಂದನ್ನೇ ನಲವತ್ತು ವರ್ಷ ಮಾಡಲಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಹರಿಕಥೆಯನ್ನೂ ಮಾಡಿದವರು. ವಾಲಿ, ರಾವಣ ಎಂದರೆ ಶೇಣಿ ಎನ್ನುವಷ್ಟು ಹೆಸರು. ಅವರೇ ‘ಬಪ್ಪನಾಡು ಕ್ಷೇತ್ರ ಮಹಾತ್ಮೆ’ಯಲ್ಲಿ ಬಪ್ಪ ಬ್ಯಾರಿ ಆದರು. ರಾವಣನ ಗತ್ತಿನ ಮಾತಿಗೆ ಒಗ್ಗಿದ ನಾಲಿಗೆ ಒಬ್ಬ ಬ್ಯಾರಿ ವ್ಯಾಪಾರಿಯ ಮಾತಿಗೆ ತಿರುಗಬೇಕಾದರೆ ಎಷ್ಟು ಕೆಲಸ ಬೇಕು, ಯೋಚಿಸಿ. ಕೈಯಲ್ಲಿ ಗೆದ್ದ ಪಾತ್ರಗಳಿರುವಾಗ ಅದನ್ನು ಮಾಡಬೇಕಾದ ಅಗತ್ಯ ಅವರಿಗೇನೂ ಇರಲಿಲ್ಲ.

ಬಡಗಿನ, ಅಂದರೆ ಉತ್ತರದ ಶೈಲಿಯ, ಕಡೆ ಕೆರೆಮನೆ ಶಂಭು ಹೆಗಡೆಯವರು. ಇಡಗುಂಜಿ ಮೇಳವನ್ನು 1934ರಲ್ಲಿ ಕಟ್ಟಿದ್ದು ಅವರ ತಂದೆ ಶಿವರಾಮ ಹೆಗಡೆ. ಮನೆಯೊಳಗೇ ಮೇಳ, ಮನೆಯೊಳಗೇ ಗುರು. ಸುಮ್ನೆ ಮನೆಯಲ್ಲಿದ್ದರೂ ದೊಡ್ಡ ಕಲಾವಿದ ಆಗುತ್ತಿದ್ದರು. ಆದರೂ ದೆಹಲಿಗೆ ಹೋಗಿ ಮಾಯಾ ರಾವ್ ಅವರ ಹತ್ತಿರ ನೃತ್ಯ ಸಂಯೋಜನೆ ಕಲಿತು ಬಂದರು. ಅವರು 2009ರಲ್ಲಿ ಇಡಗುಂಜಿಯಲ್ಲಿ ವೇಷ ಮಾಡಿದ ರಾತ್ರಿಯೇ ತೀರಿಕೊಂಡರು. ಆ ಕಥೆಯನ್ನು ನಾವು ಕಣ್ಣೊರೆಸಿಕೊಂಡು ಹೇಳುತ್ತೇವೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರು ದೆಹಲಿಯ ರೈಲು ಹತ್ತಿದ್ದು.

ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಇದಕ್ಕೆ ಎದುರು ಉದಾಹರಣೆ ಎಂದು ನೀವು ಹೇಳಬಹುದು. ಭಸ್ಮಾಸುರ, ಕೀಚಕ ಎಂದು ಕೆಲವೇ ಪಾತ್ರಗಳನ್ನು ಜೀವನಪೂರ್ತಿ ಮಾಡಿ ಹೆಸರಾದವರಲ್ಲವೇ ಎಂದು. ಹೌದು. ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿದರು. ಯಕ್ಷಗಾನಕ್ಕೆ ಮೊದಲ ಪದ್ಮಶ್ರೀ ಅವರಿಗೇ ಬಂತು, 2012ರಲ್ಲಿ. ಆದರೆ ಇಪ್ಪತ್ತೈದರ ಕೀಚಕ ಎಪ್ಪತ್ತೈದರ ದೇಹಕ್ಕೆ ಬರುವುದಿಲ್ಲ. ಕಾಲಿನ ಕೆಲಸ ಕಡಿಮೆಯಾದಂತೆ ಕಣ್ಣು, ಕುತ್ತಿಗೆ, ಕೈಬೆರಳು ಆ ಕೆಲಸ ವಹಿಸಿಕೊಳ್ಳಬೇಕು. ಹೆಸರು ಕೀಚಕ ಎಂದೇ ಇದ್ದರೂ ಒಳಗೆ ಹೊಸ ಪಾಠ ನಡೆಯುತ್ತಲೇ ಇರುತ್ತದೆ.

ಇವರನ್ನೆಲ್ಲ ನೋಡಿದ ಮೇಲೆ ನನ್ನ ಅಭಿಪ್ರಾಯ ಒಂದೇ. ಖುಷಿ ಉಳಿಯುವುದು, ಇನ್ನೂ ಬಾರದ ಒಂದನ್ನು ನಾವೇ ಆರಿಸಿಕೊಂಡು ಅದರ ಹಿಂದೆ ಬಿದ್ದಾಗ. ಶಿಸ್ತು ಆಮೇಲೆ ತಾನಾಗಿ ಬರುತ್ತದೆ. ನಿಮಗೆ ಈಗ ಶಿಸ್ತು ಬೇಕಾದಷ್ಟಿದೆ. ಹಗಲು ಲೆಕ್ಕ ಬರೆದು ರಾತ್ರಿ ಗೆಜ್ಜೆ ಕಟ್ಟುವವನಿಗೆ ಶಿಸ್ತಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇಲ್ಲದಿರುವುದು ಕಲಿಯಲಿಕ್ಕೆ ಒಂದು ವಸ್ತು.

ಇಲ್ಲಿ ನಮ್ಮ ಮೇಳಗಳಲ್ಲಿ ಒಂದು ತಪ್ಪು ಎಣಿಕೆ ಇದೆ. ದಿನಾ ವೇಷ ಮಾಡುತ್ತಾನೆ, ತಾನೇ ಕಲಿಯುತ್ತಾನೆ ಎಂದು. ಮೊದಲ ಎರಡು ವರ್ಷಕ್ಕೆ ಅದು ಸರಿ. ಆಮೇಲೆ ವೇಷ ಮಾಡುವುದೇ ಬೇರೆ, ಅಭ್ಯಾಸ ಮಾಡುವುದೇ ಬೇರೆ. ರಂಗಸ್ಥಳದಲ್ಲಿ ತಪ್ಪಬಾರದು ಎಂದು ಗೊತ್ತಿರುವುದನ್ನೇ ಮಾಡುತ್ತೇವೆ. ಲಾರಿ ಚಾಲಕ ಘಾಟಿ ರಸ್ತೆಯಲ್ಲಿ ವರ್ಷಗಟ್ಟಲೆ ಓಡಾಡಿದರೂ ಒಂದು ಹಂತದ ಮೇಲೆ ಅವನ ಚಾಲನೆ ಸುಧಾರಿಸುವುದಿಲ್ಲ, ತಲುಪಿದರೆ ಸಾಕು ಎಂದಾಗಿರುತ್ತದೆ. ನಿಮಗೂ ಹಾಗೇ ಆಗಿದೆ. ಆಟ ಇದೆ ಎಂದು ಸಾರುವ ‘ಕೇಳಿ’ ಬಡಿಯುವ ಮೊದಲು ಚೌಕಿಯಲ್ಲಿ ಅರ್ಧ ಗಂಟೆ ಖಾಲಿ ಸಿಗುತ್ತದೆ, ಅದು ಮೊಬೈಲಿಗೆ ಹೋಗುತ್ತದೆ. ಅದರಲ್ಲಿ ಕಾಲು ಗಂಟೆಯನ್ನು ಒಂದೇ ಒಂದು ವಿಷಯಕ್ಕೆ ಕೊಡಿ. ಒಂದು ಪದ್ಯದ ಅರ್ಥ, ಅಥವಾ ಒಂದು ಮುಕ್ತಾಯದ ಹೆಜ್ಜೆ. ಎರಡು ಬೇಡ.

ಮಳೆಗಾಲ ಬಂದರೆ ತಾಳಮದ್ದಳೆ. ಅಲ್ಲಿ ಬಣ್ಣವಿಲ್ಲ, ಧೀಂಗಿಣವಿಲ್ಲ, ನೀವು ಮತ್ತು ನಿಮ್ಮ ಮಾತು ಅಷ್ಟೇ. ಎದುರು ಕುಳಿತವರು ಏನು ಕೇಳುತ್ತಾರೆಂದು ಮೊದಲೇ ತಿಳಿಯದು. ಕುಣಿತ ಬಲ್ಲ ಹುಡುಗರು ಅಲ್ಲಿಗೆ ಹೋಗಲು ಹಿಂಜರಿಯುತ್ತಾರೆ, ಮಾತಿನಲ್ಲಿ ಸೋತರೆ ಮರ್ಯಾದೆ ಹೋಗುತ್ತದೆ ಎಂದು. ಊರಿನ ಸಂಘದ ವಾರದ ಕೂಟದಲ್ಲಿ ಸೋತರೆ ಹೋಗುವಷ್ಟು ದೊಡ್ಡ ಮರ್ಯಾದೆ ನಮ್ಮ ಯಾರಿಗೂ ಇಲ್ಲ. ಸಣ್ಣ ಪಾತ್ರ ಕೇಳಿ ತೆಗೆದುಕೊಳ್ಳಿ. ಚಿಕ್ಕಮೇಳದಲ್ಲಿ ಮನೆ ಮನೆಗೆ ಹೋಗುವ ಅವಕಾಶ ಸಿಕ್ಕರೂ ಒಳ್ಳೆಯದೇ, ನಾಲ್ಕು ಅಡಿ ದೂರದಲ್ಲಿ ಕುಳಿತ ಅಜ್ಜಿಯ ಮುಂದೆ ಮಾತಾಡುವುದು ಬೇರೆಯೇ ಪಾಠ.

ಮೇಳ ಬಿಡುವ ವಿಷಯದಲ್ಲಿ ನಾನು ಉಪದೇಶ ಮಾಡುವುದಿಲ್ಲ. ಸಂಬಳ, ಮದುವೆ, ತಂದೆ-ತಾಯಿ, ಇವೆಲ್ಲ ನಿಮ್ಮ ಲೆಕ್ಕ. ಮೇಳ ಬಿಟ್ಟು ಹವ್ಯಾಸಿ ಸಂಘದಲ್ಲಿ ವರ್ಷಕ್ಕೆ ಕೆಲವೇ ವೇಷ ಮಾಡಿ ಸಂತೋಷವಾಗಿರುವವರು ಬೇಕಾದಷ್ಟು ಜನ ಇದ್ದಾರೆ. ಕಲೆಗೆ ದ್ರೋಹ ಮಾಡಿದೆ ಎಂದು ಕೊರಗಬೇಡಿ. ಬೇಸರ ಬಂದರೂ ಹೇಗೋ ಎಳೆದುಕೊಂಡು ಹೋಗುವುದೇ ಸಾಧನೆ ಎಂದು ಕೂಡ ತಿಳಿಯಬೇಡಿ. ನಿದ್ರೆ ಆದ ಮೇಲೆ, ಒಂದು ಹೊಸ ಕಲಿಕೆ ಹಿಡಿದು ನೋಡಿದ ಮೇಲೆ, ಆಗಲೂ ಗೆಜ್ಜೆ ಭಾರ ಅನಿಸಿದರೆ ಇಳಿಸಿಬಿಡಿ.

ಆದರೆ ಪತ್ರದ ಕೊನೆಯಲ್ಲಿ ‘ಅಂದ ಹಾಗೆ’ ಎಂದು ಬರೆದಿದ್ದೀರಲ್ಲ, ನನ್ನ ಕಣ್ಣು ಅಲ್ಲೇ ನಿಂತಿತು. ನಾಲ್ಕನೇ ತಿರುಗಾಟದ ಹುಡುಗನಿಗೆ ಭಾಗವತರು ರಕ್ತಬೀಜ ಕಲಿ ಎಂದಿದ್ದಾರೆ. ಪಾತ್ರ ಹಂಚುವವರು ಅವರು, ಯಾರಿಗೆ ಏನು ಹೇಳಬೇಕೆಂದು ಅವರಿಗೆ ಗೊತ್ತಿರುತ್ತದೆ. ನೆಲಕ್ಕೆ ಬಿದ್ದ ಒಂದೊಂದು ಹನಿ ರಕ್ತದಿಂದ ತನ್ನಂಥವನೇ ಎದ್ದು ಬರುವ ವರ ಇರುವವನು ದೇವಿಯ ಎದುರು ನಿಂತು ಏನು ಮಾತಾಡುತ್ತಾನೆ? ಅವನಿಗೆ ಸಾವಿನ ಭಯ ಇದೆಯೇ? ಈ ಎರಡು ಪ್ರಶ್ನೆ ಹಿಡಿದರೇ ಒಂದು ಮಳೆಗಾಲ ಕಳೆಯುತ್ತದೆ. ಪದ್ಯಗಳನ್ನು ನಿಮ್ಮ ಕೈಯಲ್ಲೇ ಒಂದು ನೋಟ್‌ಬುಕ್ಕಿಗೆ ಬರೆದುಕೊಳ್ಳಿ. ಈಗ ಆ ವೇಷ ಮಾಡುವ ಹಿರಿಯರ ಅರ್ಥವನ್ನು ಪಕ್ಕದಲ್ಲಿ ನಿಂತು ಕೇಳಿ, ಆದರೆ ಬಾಯಿಪಾಠ ಮಾಡಬೇಡಿ. ಮೊದಲ ಸಲ ಹೆಚ್ಚು ಮಾತು ಬೇಡ, ಪದ್ಯಕ್ಕೆ ಮೂರು ವಾಕ್ಯ ಸಾಕು ಎಂದು ಭಾಗವತರ ಹತ್ತಿರ ಮೊದಲೇ ಹೇಳಿಕೊಳ್ಳಿ. ತಡವರಿಸಿದರೆ ಅವರು ಮುಂದಿನ ಪದ್ಯ ಎತ್ತಿಕೊಂಡು ನಿಮ್ಮನ್ನು ದಾಟಿಸುತ್ತಾರೆ, ಅದು ಅವರ ಕೆಲಸವೂ ಹೌದು.

ನೀವು ಆಗದು ಎಂದು ಹೇಳಿ ಎಷ್ಟು ದಿನವಾಯಿತೋ ಬರೆದಿಲ್ಲ. ಆ ವೇಷ ಇನ್ನೊಬ್ಬರಿಗೆ ಹೋಗುವ ಮೊದಲು ಇವತ್ತೇ ಚೌಕಿಗೆ ಸ್ವಲ್ಪ ಬೇಗ ಹೋಗಿ ಭಾಗವತರ ಹತ್ತಿರ ಮಾತಾಡಿ.

— ಸಂಪಾದಕ